ಎತ್ತರ ನೋಡಿ ಉಸಿರು

ಬೆಳಗ್ಗೆ ಎಂಟೂವರೆ. ಆಪರೇಷನ್ ಥಿಯೇಟರಿನ ಚಳಿ ಮೊದಲು ಕಾಲ್ಬೆರಳಿಗೆ ಹತ್ತುತ್ತದೆ. ಹಸಿರು ಗೌನು, ಟೋಪಿ, ಮಾಸ್ಕು ತೊಟ್ಟು ನೀವು ಟೇಬಲ್ಲಿನ ತಲೆದೆಸೆಯಲ್ಲಿ, ಅರಿವಳಿಕೆ ವೈದ್ಯರ ಬೆನ್ನ ಹಿಂದೆ ನಿಂತಿದ್ದೀರಿ. ಮಲಗಿರುವವರು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಹೆಂಗಸು ಎಂದಿಟ್ಟುಕೊಳ್ಳಿ. ವಯಸ್ಸು 56, ಹಳೆಯ ಸಕ್ಕರೆ ಕಾಯಿಲೆ, ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ. ಕಾವೇರಿ ಬಯಲಿನಲ್ಲಿ ಬಾಗಿ ಬಾಗಿ ನಾಟಿ ಹಾಕಿದ ಬೆನ್ನು. ಆ ಸೀಮೆಯಲ್ಲಿ ಎದೆ ಹಿಡಿದುಕೊಂಡಿತು ಅಂದರೆ ಮೊದಲು ನರಸೀಪುರ, ಅಲ್ಲಿಂದ ವರುಣ ದಾಟಿ ಮೈಸೂರು. ಕೆ.ಆರ್.ಎಸ್. ರಸ್ತೆಯ ‘ಜಯದೇವ’ ಹೃದಯದ ಆಸ್ಪತ್ರೆಯ ಹೆಸರು ಊರೂರಿಗೂ ಬಾಯಿಪಾಠ. ಇದು ಮೈಸೂರಿನ ಅಂಥದ್ದೇ ಒಂದು ಟೇಬಲ್ಲು.

ನಿದ್ದೆಯ ಔಷಧ ಇಳಿದಿದೆ. ಗಂಟಲಲ್ಲಿ ಕೊಳವೆ ಕೂತಿದೆ. ವೆಂಟಿಲೇಟರಿನ ಗುಂಡಿ ತಿರುಗಿಸುವ ಮುನ್ನ ಡಾಕ್ಟರು ಕೇಳುತ್ತಾರೆ:

“ಸಿಸ್ಟರ್, ಹೈಟ್ ಎಷ್ಟು?”

“ತೂಕ 60 ಇದೆ ಸಾರ್.”

“ತೂಕ ಬೇಡಮ್ಮ, ಹೈಟು.”

ಕೇಸ್ ಶೀಟಿನಲ್ಲಿ ಆ ಜಾಗ ಖಾಲಿ. ಟೇಪು ಬರುತ್ತದೆ. ನೆತ್ತಿಯಿಂದ ಹಿಮ್ಮಡಿವರೆಗೆ 150 ಸೆಂಟಿಮೀಟರ್. ಡಾಕ್ಟರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಅಷ್ಟು ಎತ್ತರದ ಹೆಂಗಸಿನ ಶ್ವಾಸಕೋಶಕ್ಕೆ ಸಲ್ಲುವ ತೂಕ 43 ಕಿಲೋ. ಕಿಲೋಗೆ 8 ಮಿ.ಲೀ.ನಂತೆ ಒಂದು ಉಸಿರಿಗೆ ಸುಮಾರು 345. ತಕ್ಕಡಿಯ 60 ಕಿಲೋ ನಂಬಿ, ಹಳೇ ರೂಢಿಯಂತೆ ಕಿಲೋಗೆ 10 ಕೊಟ್ಟಿದ್ದರೆ ಪ್ರತಿ ಉಸಿರಿಗೂ 600 ಒಳಹೋಗುತ್ತಿತ್ತು. ಮೈ ದಪ್ಪವಾದರೆ ಹೊಟ್ಟೆ ಬೆಳೆಯುತ್ತದೆ, ಸೊಂಟ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ.

ಈ ಟೇಪಿನ ಹಿಂದೆ ದೊಡ್ಡ ಕತೆಯಿದೆ. 2000ರಲ್ಲಿ ಅಮೆರಿಕದ ವೈದ್ಯರು, ಶ್ವಾಸಕೋಶ ತೀರಾ ಹದಗೆಟ್ಟ 861 ರೋಗಿಗಳಲ್ಲಿ ಕಿಲೋಗೆ 12 ಮಿ.ಲೀ. ಮತ್ತು 6 ಮಿ.ಲೀ. ಉಸಿರನ್ನು ಹೋಲಿಸಿ ನೋಡಿದರು. ಸಾವು ಶೇ. 40ರ ಆಸುಪಾಸಿನಿಂದ 31ಕ್ಕೆ ಇಳಿಯಿತು. ಅದು ಐಸಿಯುನ ಮಾತು. ಹೃದಯದ ಆಪರೇಷನ್ನಿಗೂ ಅದು ಸಲ್ಲುತ್ತದೆಯೇ ಎಂದು ಕೆನಡಾದ ಕ್ವಿಬೆಕ್‌ನವರು ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ತೆರೆದು, 2012ರಲ್ಲಿ ಪ್ರಕಟಿಸಿದರು. ಕಿಲೋಗೆ 10ಕ್ಕಿಂತ ಹೆಚ್ಚು ಉಸಿರು ತುಂಬಿಸಿಕೊಂಡವರಲ್ಲಿ ಅಂಗಾಂಗಗಳು ಸೋಲುವುದು ಜಾಸ್ತಿ. ಹಾಗೆ ತುಂಬಿಸಿಕೊಳ್ಳುವ ಸಂಭವ ಯಾರಿಗೆ ಹೆಚ್ಚು? ಹೆಂಗಸರಿಗೆ, ದಪ್ಪನೆಯವರಿಗೆ. ನಮ್ಮ ಕಡೆಯ ಎಷ್ಟೋ ಕುಳ್ಳನೆಯ ತಾಯಂದಿರನ್ನು ನೆನೆದುಕೊಂಡರೆ, ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕ ಈ ಟೇಪೇ ಹೆಚ್ಚು ಬೆಲೆಯದು ಅನ್ನಿಸುತ್ತದೆ.

ಗರಗಸದ ಸದ್ದು. ಎದೆಮೂಳೆ ಸೀಳಿ ತೆರೆದುಕೊಂಡಿದೆ. ಗುಲಾಬಿ ಶ್ವಾಸಕೋಶ ಉಬ್ಬುವುದು, ಕುಗ್ಗುವುದು ನಿಮ್ಮ ಕಣ್ಣೆದುರಿಗೇ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಕೊಳವೆ ಜೋಡಿಸಿ, ಪಂಪಿನವರು ಹಾರ್ಟ್-ಲಂಗ್ ಯಂತ್ರ ಓಡಿಸುತ್ತಾರೆ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯದೊಳಗಿನ ಆಪರೇಷನ್ನಿಗೆ ದಾರಿ ಮಾಡಿದ್ದು ಇದರ ಮೂಲರೂಪದಿಂದಲೇ.

“ಪಂಪ್ ಪೂರ್ತಿ ಬಂತು ಸಾರ್.”

ಅರಿವಳಿಕೆ ವೈದ್ಯರು ವೆಂಟಿಲೇಟರ್ ನಿಲ್ಲಿಸುತ್ತಾರೆ. ಶ್ವಾಸಕೋಶ ಕುಸಿದು, ಒದ್ದೆಯಾದ ಪ್ಲಾಸ್ಟಿಕ್ ಕವರಿನಂತೆ ಒಳಗೊಳಗೇ ಅಂಟಿಕೊಳ್ಳುತ್ತದೆ. ಆಪರೇಷನ್ ಆದಮೇಲಿನ ಉಸಿರಾಟದ ತೊಂದರೆಗಳಿಗೆ ಇಲ್ಲೊಂದು ಬೇರಿದೆ. ಹಾಗಾದರೆ ಪಂಪ್ ಓಡುವಾಗಲೂ ಅಲ್ಪಸ್ವಲ್ಪ ಉಸಿರು ಆಡಿಸುತ್ತಲೇ ಇದ್ದರೆ? ನಿಮಗೆ ಬಂದ ಯೋಚನೆ ಫ್ರಾನ್ಸಿನವರಿಗೂ ಬಂದಿತ್ತು. 2019ರಲ್ಲಿ ಪ್ರಕಟವಾದ, ಸುಮಾರು 500 ಜನರ ಪ್ರಯೋಗದಲ್ಲಿ ಒಂದು ಗುಂಪಿನ ಶ್ವಾಸಕೋಶವನ್ನು ಆದ್ಯಂತ ತೆರೆದೇ ಇಟ್ಟರು. ಆಮೇಲೆ 1500 ಜನರ ಇನ್ನೊಂದು ಪ್ರಯೋಗದಲ್ಲಿ ನಿಮಿಷಕ್ಕೆ ಐದು ಪುಟ್ಟ ಉಸಿರು ಕೊಟ್ಟರು. ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತರ್ಕಕ್ಕೆ ಸರಿಕಂಡದ್ದೆಲ್ಲ ಮೈಗೆ ಸರಿಹೋಗಬೇಕೆಂದಿಲ್ಲವಲ್ಲ! ಕೈಗೆ ಅಡ್ಡ ಬರದೆ ಶ್ವಾಸಕೋಶ ಸುಮ್ಮನಿದ್ದರೆ ಸರ್ಜನ್ನರಿಗೂ ಹಿತ.

ಕಾಲಿನಿಂದ ತೆಗೆದ ರಕ್ತನಾಳ, ಎದೆಗೋಡೆಯಿಂದ ಬಿಡಿಸಿದ ನಾಳ ಎಲ್ಲ ಹೊಲಿದಾಯಿತು. ಈಗ ಅಂಟಿದ್ದನ್ನು ಬಿಡಿಸಬೇಕು. ಡಾಕ್ಟರು ಬ್ಯಾಗನ್ನು ನಿಧಾನಕ್ಕೆ ಒತ್ತಿ ಹಿಡಿಯುತ್ತಾರೆ. ಕಪ್ಪಗೆ ಮುದುಡಿದ್ದ ಭಾಗ ಚೂರುಚೂರೇ ಗುಲಾಬಿಗೆ ತಿರುಗುತ್ತದೆ. “ನಾಳ ಎಳೀತಿದೆ, ಮೆಲ್ಲಗೆ” ಎನ್ನುತ್ತಾರೆ ಸರ್ಜನ್. ಡಾಕ್ಟರ ಇನ್ನೊಂದು ಕಣ್ಣು ಬಿಪಿ ಮೇಲೆ, ಯಾಕೆಂದರೆ ಎದೆಯೊಳಗೆ ಒತ್ತಡ ಏರಿದರೆ ಬಿಪಿ ಇಳಿಯುತ್ತದೆ. ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಹೃದಯದ ಆಪರೇಷನ್ ಆಗಿ, ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ 320 ಮಂದಿಗೆ ಐಸಿಯುನಲ್ಲಿ ಹೀಗೆ ಶ್ವಾಸಕೋಶ ಅರಳಿಸಿದ್ದರು. ಅರ್ಧ ಜನಕ್ಕೆ ಜೋರಾಗಿ, ಉಳಿದವರಿಗೆ ಹಗುರಾಗಿ. ಜೋರಾಗಿ ಅರಳಿಸಿದವರಲ್ಲಿ ತೊಂದರೆಯ ತೀವ್ರತೆ ಕಡಿಮೆ, ಮನೆಗೂ ಒಂದೂವರೆ ದಿನ ಬೇಗ. ಅದು 2017ರ ವರದಿ.

ಮಾರನೆ ದಿನ ಐಸಿಯು. ಕೊಳವೆ ರಾತ್ರಿಯೇ ಹೊರಬಂದಿದೆ. ಮಂಚದ ತಲೆಭಾಗ ಎತ್ತರಿಸಿದೆ, ಎದೆಗೆ ದಿಂಬು ಅಪ್ಪಿದ್ದಾರೆ. ಫಿಸಿಯೋಥೆರಪಿಯ ಹುಡುಗಿ ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದಾಳೆ.

“ಊದಬೇಡಿ ಅಮ್ಮ, ಒಳಕ್ಕೆ ಎಳ್ಕೊಳಿ. ಹ್ಞಾ, ಇನ್ನೂ.”

ಮೊದಲ ಗುಂಡು ಎದ್ದು ಬೀಳುತ್ತದೆ. “ನೋಯ್ತದೆ ಕಣವ್ವ.”

“ದಿಂಬು ಒತ್ತಿ ಹಿಡ್ಕೊಂಡು ಕೆಮ್ಮಿ.”

ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರೂ. ಕಫವೂ ಬಂತು, ಹುಡುಗಿಗೆ ಬೇಕಿದ್ದದ್ದು ಅದೇ.

ಇದನ್ನೆಲ್ಲ ಆಪರೇಷನ್ನಿಗೆ ಮುಂಚೆಯೇ ಯಾಕೆ ಕಲಿಸಬಾರದು? ನೆದರ್ಲೆಂಡ್ಸಿನಲ್ಲಿ ಕಲಿಸಿದ್ದರು. ಬೈಪಾಸಿಗೆ ಕಾಯುತ್ತಿದ್ದ, ಅಪಾಯ ಹೆಚ್ಚಿದ್ದ ರೋಗಿಗಳಿಗೆ ಉಸಿರಿಗೆ ತಡೆಯೊಡ್ಡುವ ಪುಟ್ಟ ಉಪಕರಣದಿಂದ ಎರಡು ವಾರವಾದರೂ ದಿನವೂ ಸಾಧನೆ ಮಾಡಿಸಿದರು. 2006ರಲ್ಲಿ ಬಂದ ಫಲಿತಾಂಶದಂತೆ ಶ್ವಾಸಕೋಶದ ತೊಂದರೆ ಶೇ. 35ರಿಂದ 18ಕ್ಕೆ ಬಂದಿತ್ತು. ಗುಂಡಿನ ಡಬ್ಬಿ ಒಂದರಿಂದಲೇ ಅಷ್ಟು ಫಲ ಸಿಕ್ಕ ಪುರಾವೆಯಿಲ್ಲ, ಸಾಧನೆ ಮುಖ್ಯ. ನಮ್ಮಲ್ಲಿ ಕಾರ್ಡು, ಮಂಜೂರಾತಿ, ತಾರೀಖು ಅಂತ ಕಾಯುವ ದಿನಗಳಿಗೆ ಬರವಿಲ್ಲ. ಹೆಮ್ಮಿಗೆಯ ಜಗಲಿಯ ಮೇಲೆ ಕೂತೇ ಮಾಡಬಹುದಾದ ಕೆಲಸ ಅದು. ಹೇಳಿಕೊಡುವವರು ಬೇಕು ಅಷ್ಟೆ.

ಎರಡನೇ ಗುಂಡೂ ಎದ್ದಿತು. ಆಯಮ್ಮ ಬಾಯಿಂದ ಕೊಳವೆ ತೆಗೆದು ಕೇಳುತ್ತಾರೆ:

“ಎಮ್ಮೆ ಹಾಲು ಕರೀಬೋದಾ?”

“ಮೂರು ತಿಂಗಳು ಬೇಡ ಅಮ್ಮ. ಎದೆ ಮೂಳೆ ಕೂಡ್ಕೋಬೇಕು. ಕೊಡನೂ ಎತ್ತಬೇಡಿ.”

“ಸೊಸೆಗೆ ಎಮ್ಮೆ ಒಗ್ಗಲ್ಲ ಕಣವ್ವ, ಒದ್ದುಬಿಡ್ತದೆ.”

“ಮಗನಿಗೆ ಹೇಳಿ. ಈಗ ಇನ್ನೊಂದು ಸಲ ಎಳ್ಕೊಳಿ.”