ಜ್ಯಾಕ್ ಪೈನ್ ಕಾಡಿನಲ್ಲಿ ಐನೂರು ಮೈಲಿ

ಅಮೆರಿಕದ ಮಿಚಿಗನ್ ಸಂಸ್ಥಾನದವರನ್ನು ‘ನಿಮ್ಮ ಊರು ಎಲ್ಲಿ?’ ಎಂದು ಕೇಳಿದರೆ ಅವರು ಭೂಪಟವನ್ನು ಹುಡುಕುವುದಿಲ್ಲ; ಕೈಯೆತ್ತಿ ಅಂಗೈಯನ್ನು ತೋರಿಸುತ್ತಾರೆ. ಒಂದು ಪಕ್ಕದಲ್ಲಿ ಮಿಚಿಗನ್ ಸರೋವರ, ಇನ್ನೊಂದು ಪಕ್ಕದಲ್ಲಿ ಹ್ಯೂರನ್ ಸರೋವರ. ಎರಡರ ನಡುವೆ ಉತ್ತರಕ್ಕೆ ಚಾಚಿಕೊಂಡಿರುವ ಆ ಸಂಸ್ಥಾನದ ಕೆಳಭಾಗವು ಚಳಿಗಾಲದಲ್ಲಿ ಮಕ್ಕಳಿಗೆ ತೊಡಿಸುವ ಉಣ್ಣೆಯ ಕೈಗವಸಿನ ಆಕಾರದಲ್ಲಿದೆ. ಅಂಗೈಯ ಬುಡದ ಕಡೆಗೆ ರಾಜಧಾನಿಯಾದ ಲ್ಯಾನ್ಸಿಂಗ್. ಬೆರಳುಗಳ ನಡುಗೆಣ್ಣಿನ ಸುಮಾರಿಗೆ ಗ್ರೇಲಿಂಗ್ ಎಂಬ ಚಿಕ್ಕ ಪಟ್ಟಣ. ಲ್ಯಾನ್ಸಿಂಗಿನಲ್ಲಿ ಮೋಟಾರು ಕಾರ್ಖಾನೆಗಳು, ಹೊಗೆ, ಪಾಳಿಯ ಸೈರನ್ನು; ಅಲ್ಲಿಂದ ಉತ್ತರಕ್ಕೆ ನೂರು ಮೈಲಿಗೂ ಮಿಗಿಲಾಗಿ ಸಾಗಿ ಗ್ರೇಲಿಂಗನ್ನು ಸಮೀಪಿಸಿದರೆ ಮರಳು, ಪೈನ್ ಮರ ಮತ್ತು ಮೌನ. ಆ ಮೌನವನ್ನು ವರ್ಷಕ್ಕೊಮ್ಮೆ ಕದಡುತ್ತಿದ್ದ ಒಂದು ಪಂದ್ಯಕ್ಕೆ ಅಲ್ಲಿನ ಮರದ ಹೆಸರನ್ನೇ ಇಟ್ಟಿದ್ದರು: ಜ್ಯಾಕ್ ಪೈನ್.

ಮರದ ವಿಚಾರವನ್ನು ಮೊದಲು ಹೇಳಬೇಕು. ಸಾವಿರಾರು ವರ್ಷಗಳ ಹಿಂದೆ ಹಿಮರಾಶಿ ಕರಗಿ ಹಿಂಜರಿದಾಗ ಬಿಟ್ಟುಹೋದ ಮರಳೇ ಈ ಪ್ರದೇಶದ ನೆಲ. ಸುರಿದ ಮಳೆ ಅದರಲ್ಲಿ ನಿಲ್ಲುವುದಿಲ್ಲ, ಹಾಕಿದ ಗೊಬ್ಬರ ಉಳಿಯುವುದಿಲ್ಲ. ಸುತ್ತಲಿನ ಉತ್ತಮ ನೆಲದಲ್ಲೆಲ್ಲ ಹತ್ತೊಂಬತ್ತನೆಯ ಶತಮಾನದವರೆಗೆ ಮುಗಿಲು ಮುಟ್ಟುವ ಬಿಳಿ ಪೈನ್ ಮರಗಳು ನಿಂತಿದ್ದವು. ಕೊಡಲಿ ಬಂದಿತು, ಗರಗಸ ಬಂದಿತು, ರೈಲು ಬಂದಿತು. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಆ ಕಾಡಿನ ಬಹುಪಾಲು ಹಲಗೆಯಾಗಿ ಹೊರಟುಹೋಗಿತ್ತು. ಗ್ರೇಲಿಂಗಿನ ಬಳಿ ಹಾರ್ಟ್‌ವಿಕ್ ಪೈನ್ಸ್ ಎಂಬ ಉದ್ಯಾನದಲ್ಲಿ ಹಳೆಯ ಮರಗಳು ಸಾಕ್ಷಿ ಹೇಳಲೆಂಬಂತೆ 49 ಎಕರೆಯಷ್ಟು ಉಳಿದಿವೆ. ಬೋಳಾದ ನೆಲವನ್ನು ಅಗ್ಗಕ್ಕೆ ಕೊಂಡು ಬೇಸಾಯಕ್ಕೆ ಇಳಿದವರಲ್ಲಿ ಅನೇಕರು ಮರಳಿನೊಡನೆ ಹೋರಾಡಿ ಸೋತು, ಕಂದಾಯ ಕಟ್ಟಲಾರದೆ ಕೈಬಿಟ್ಟರು. ಭೂಮಿ ಸರ್ಕಾರದ ವಶವಾಯಿತು. ನಿಧಾನವಾಗಿ ಮತ್ತೆ ಕಾಡಾಯಿತು.

ಕಡಿದ ಮೇಲೆ ಉಳಿದ ಕೊಂಬೆ, ಸಿಪ್ಪೆಗಳಿಗೆ ಮೇಲಿಂದ ಮೇಲೆ ಬೆಂಕಿ ಬೀಳುತ್ತಿತ್ತು. ಸುಟ್ಟ ಬಡ ನೆಲಕ್ಕೆ ಮೊಟ್ಟಮೊದಲು ಬರುವ ಮರ ಜ್ಯಾಕ್ ಪೈನ್. ರೂಪದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಸೊಗಸಿಲ್ಲ. ಕುಳ್ಳು ದೇಹ, ಸೊಟ್ಟ ಕೊಂಬೆ, ಗಿಡ್ಡ ಸೂಜಿಯೆಲೆ. ಆದರೆ ಅದರ ಕಾಯಿ ವಿಚಿತ್ರವಾದದ್ದು. ರಾಳದಿಂದ ಬಿಗಿದ ಪೆಟ್ಟಿಗೆಯಂತೆ ಅದು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕೊಂಬೆಯಲ್ಲೇ ಕುಳಿತಿರುತ್ತದೆ. ಸುಮಾರು 50 ಡಿಗ್ರಿ ಸೆಂಟಿಗ್ರೇಡಿನ ತಾಪ ತಗಲಿದಾಗ ಮಾತ್ರ ರಾಳ ಕರಗಿ ಕಾಯಿ ಬಿರಿಯುತ್ತದೆ, ಬೀಜ ಉದುರುತ್ತದೆ. ತಾಯಿಮರ ಬೆಂಕಿಗೆ ಆಹುತಿಯಾದ ಬೂದಿಯಲ್ಲಿಯೇ ಮಕ್ಕಳು ಮೊಳೆಯುತ್ತವೆ. ಮೊಳೆತಾಗ ಮೈಗೆ ಮೈ ತಾಗುವಷ್ಟು ದಟ್ಟವಾಗಿ ಬೆಳೆಯುತ್ತವೆ. ಹೀಗೆ ಬೆಳೆದ ಪೊದೆಗಾಡು, ಅದರ ನಡುವೆ ಮರ ಸಾಗಿಸಿದವರು ಬಿಟ್ಟುಹೋದ ಗಾಡಿಜಾಡುಗಳು, ಅಲ್ಲಲ್ಲಿ ಜೌಗು, ಅಡ್ಡ ಹರಿಯುವ ತಣ್ಣನೆಯ ಹೊಳೆಗಳು. ರೈತನಿಗೆ ಬೇಡವಾದ ಈ ನೆಲವನ್ನು 1920ರ ದಶಕದಲ್ಲಿ ಲ್ಯಾನ್ಸಿಂಗಿನ ಮೋಟಾರ್ ಸೈಕಲ್ ಸಂಘದವರು ನೋಡಿ ಮೆಚ್ಚಿದರು. ಸಂಘದ ಆಸ್ಕರ್ ಲೆಂಜ್ ಎಂಬವರು ಈ ಪಂದ್ಯಕ್ಕೆ ಬೆನ್ನೆಲುಬಾಗಿ ನಿಂತರು. ಮುಂದೆ ಎರಡು ದಿನ, ಐನೂರು ಮೈಲಿ ಎಂಬುದು ಈ ಪಂದ್ಯದ ಪ್ರಸಿದ್ಧ ಅಳತೆಯಾಯಿತು. ಬಹುಮಾನ? ಹಸುವಿನ ಕೊರಳಿಗೆ ಕಟ್ಟುವ ಗಂಟೆ. ಅದನ್ನು ಗೆಲ್ಲಲು ದೂರದ ಸಂಸ್ಥಾನಗಳಿಂದಲೂ ಜನ ಬರುತ್ತಿದ್ದರು.

ಪಂದ್ಯವೆಂದೊಡನೆ ಅತಿ ವೇಗದವನಿಗೆ ಗೆಲುವು ಎಂದು ಓದುಗರು ಭಾವಿಸುವುದು ಸಹಜ. ಇಲ್ಲಿಯ ಲೆಕ್ಕವೇ ಬೇರೆ. ‘ಎಂಡ್ಯೂರೊ’ ಎಂದು ಕರೆಯಲಾಗುವ ಈ ಬಗೆಯ ಓಟದಲ್ಲಿ ಸವಾರರು ನಿಮಿಷಕ್ಕೆ ಇಷ್ಟು ಮಂದಿಯಂತೆ ಹೊರಡುತ್ತಾರೆ. ಗೊತ್ತುಮಾಡಿದ ಸರಾಸರಿ ವೇಗ, ಸಾಮಾನ್ಯವಾಗಿ ಗಂಟೆಗೆ 24 ಮೈಲಿಯಷ್ಟು, ದಾರಿಯುದ್ದಕ್ಕೂ ಕಾಯ್ದುಕೊಳ್ಳಬೇಕು. ಪ್ರತಿಯೊಬ್ಬನ ಖಾತೆಯಲ್ಲಿಯೂ ಮೊದಲಿಗೆ 1000 ಅಂಕಗಳಿರುತ್ತವೆ. ಏಳು ಗಂಟೆ ಹತ್ತು ನಿಮಿಷಕ್ಕೆ ಹೊರಟವನು ಹನ್ನೆರಡನೆಯ ಮೈಲಿಯನ್ನು ಏಳೂ ನಲವತ್ತಕ್ಕೆ ಮುಟ್ಟಬೇಕು. ತಡವಾದರೆ ನಿಮಿಷಕ್ಕೊಂದು ಅಂಕ ಹೋಯಿತು. ಬೇಗ ಬಂದರೆ? ಅದಕ್ಕೆ ದಂಡ ಇನ್ನೂ ಹೆಚ್ಚು! ಠಾಣೆಗಳು ಎಲ್ಲಿವೆಯೆಂಬುದು ಸವಾರನಿಗೆ ತಿಳಿಯದು. ತಿರುವಿನಾಚೆ, ಹೊಳೆಯ ದಡದಲ್ಲಿ, ಪೊದೆಯ ಮರೆಯಲ್ಲಿ ಮೇಜು ಹಾಕಿ ಗಡಿಯಾರ ಹಿಡಿದು ಕುಳಿತಿರುವವರು ಯಾವಾಗ ಎದುರಾಗುತ್ತಾರೋ ಗೊತ್ತಿಲ್ಲ. ದಾರಿ ತೋರಿಸಲು ಮರಗಳಿಗೆ ಬಡಿದ ಬಾಣದ ಗುರುತುಗಳು. ಉಳಿದದ್ದಕ್ಕೆ ಹ್ಯಾಂಡಲಿಗೆ ಕಟ್ಟಿಕೊಂಡ ಗಡಿಯಾರ, ಮೈಲಿ ಅಳೆಯುವ ಯಂತ್ರ, ತಿರುವುಗಳ ಪಟ್ಟಿ ಬರೆದ ಕಾಗದದ ಸುರುಳಿ. ಕೈಗಳಿಗೆ ಮಲ್ಲಯುದ್ಧ, ತಲೆಗೆ ಮಗ್ಗಿ. ಈ ಎರಡನ್ನೂ ಒಟ್ಟಿಗೆ ಮಾಡಬಲ್ಲವನೇ ಜ್ಯಾಕ್ ಪೈನ್ ಕಾಡಿಗೆ ಇಳಿಯಬೇಕು.

ಗಂಟೆಗೆ 24 ಮೈಲಿ ಎಂದರೆ ಪೇಟೆಯ ರಸ್ತೆಯಲ್ಲಿ ಏನೂ ಅಲ್ಲ. ಇಲ್ಲಿ ಅದು ಸುಲಭದ ಮಾತಲ್ಲ. ಆಳವಾದ ಮರಳಿನಲ್ಲಿ ಮುಂದಿನ ಚಕ್ರ ಸವಾರನ ಮಾತು ಕೇಳುವುದಿಲ್ಲ. ನಿಧಾನಿಸಿದರೆ ಹೂತುಕೊಳ್ಳುತ್ತದೆ, ನುಗ್ಗಿಸಿದರೆ ಹಾವಿನಂತೆ ಹೊರಳುತ್ತದೆ. ದೇಹವನ್ನು ಹಿಂದಕ್ಕೆ ಒತ್ತಿ, ಎಂಜಿನ್ನನ್ನು ಕೂಗಿಸಿ, ಭಯವನ್ನು ನುಂಗಿ ಮುನ್ನುಗ್ಗುವುದೊಂದೇ ಉಪಾಯ. ಮುಂದೆ ಹೋದವರ ಚಕ್ರಗಳು ಮರಳನ್ನು ಅಲೆಅಲೆಯಾಗಿ ಅಗೆದಿರುತ್ತವೆ. ಹ್ಯಾಂಡಲ್ಲಿಗಿಂತ ಬೆರಳಷ್ಟೇ ಅಗಲವಾದ ಸಂದಿಯ ಇಬ್ಬದಿಯಲ್ಲೂ ಕಾಂಡಗಳು; ತಪ್ಪಿದರೆ ಗೆಣ್ಣಿನ ಚರ್ಮ ಮರದ ಪಾಲು. ಮುಂಜಾನೆಯ ಮಂಜಿನಲ್ಲಿ ಹೊಳೆಗೆ ಇಳಿದಾಗ ನೀರು ಎಂಜಿನ್ನಿನ ಒಳಹೊಕ್ಕು ಸದ್ದಡಗಿತೆಂದರೆ, ಪ್ಲಗ್ಗನ್ನು ಬಿಚ್ಚಿ ಒರೆಸಿ ಮತ್ತೆ ಒದೆಯುತ್ತಿರುವಷ್ಟು ಹೊತ್ತೂ ಹ್ಯಾಂಡಲ್ಲಿನ ಗಡಿಯಾರ ಕಣ್ಣೆದುರಿಗೇ ನಡೆಯುತ್ತಿರುತ್ತದೆ. ದಿನಕ್ಕೆ ಇನ್ನೂರೈವತ್ತು ಮೈಲಿ ಎಂದರೆ, ಒಂದು ನಿಮಿಷವೂ ಕಳೆಯದಿದ್ದರೂ, ಹತ್ತು ಗಂಟೆಗೂ ಮೀರಿದ ಸವಾರಿ.

ಬಂದವರಾದರೂ ಯಾರು? ಸಂಬಳಕ್ಕೆ ಓಡಿಸುವ ವೃತ್ತಿಗಾರರಲ್ಲ. ಕಾರ್ಖಾನೆಯ ಫಿಟ್ಟರು, ರೈತನ ಮಗ, ಸಣ್ಣ ಅಂಗಡಿಯ ಮೆಕ್ಯಾನಿಕ್ಕು. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಮೆರಿಕದಲ್ಲಿ ದುಡಿಯುವವರ ರಜೆ. ಹಲವು ವರ್ಷಗಳ ಕಾಲ ಪಂದ್ಯ ನಡೆಯುತ್ತಿದ್ದದ್ದು ಆ ರಜೆಯ ಆಸುಪಾಸಿನಲ್ಲಿ. ರಜೆ ಮುಗಿದರೆ ಅದೇ ಕೈಗಳು ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. 1930ರ ದಶಕದಲ್ಲಿ ಅವರು ತರುತ್ತಿದ್ದ ಹಾರ್ಲೆ, ಇಂಡಿಯನ್ ಗಾಡಿಗಳು ಎಮ್ಮೆಯಂಥವು. ಹೆದ್ದಾರಿಗೆಂದು ಮಾಡಿದ ಆ ಭಾರವನ್ನು ಮರಳಿನಲ್ಲಿ ಬಿದ್ದಾಗಲೆಲ್ಲ ಎತ್ತಿ ನಿಲ್ಲಿಸುವುದರಲ್ಲೇ ಅರ್ಧ ಶಕ್ತಿ ಹೋಗುತ್ತಿತ್ತು. ಓಹಯೋ ಸಂಸ್ಥಾನದ ರೈತ ಮನೆತನದ ಜಾನ್ ಪೆಂಟನ್ 1940ರ ದಶಕದ ಕೊನೆಯಲ್ಲಿ ಹಾರ್ಲೆಯನ್ನೇರಿ ಇಂಥ ಪಂದ್ಯಗಳಿಗೆ ಇಳಿದವರು. ಕಾಡಿಗೆ ಹಗುರವಾದ ಗಾಡಿಯೇ ಸರಿಯೆಂದು ಅವರಿಗೆ ಮನವರಿಕೆಯಾಯಿತು. 1967ರಲ್ಲಿ ಆಸ್ಟ್ರಿಯಾ ದೇಶಕ್ಕೆ ಹೋಗಿ ಕೆಟಿಎಂ ಕಾರ್ಖಾನೆಯವರನ್ನು ಒಪ್ಪಿಸಿ, ಮರುವರ್ಷ ತಮ್ಮದೇ ಹೆಸರಿನ ಪುಟ್ಟ ಗಾಡಿಗಳನ್ನು ಅಮೆರಿಕಕ್ಕೆ ತರಿಸಿದರು. ಇಂದು ಬೆಂಗಳೂರಿನ ಬೀದಿಗಳಲ್ಲಿ ಕಾಲೇಜು ಹುಡುಗರು ಓಡಿಸುವ ಕಿತ್ತಳೆ ಬಣ್ಣದ ಕೆಟಿಎಂ ಗಾಡಿಗಳ ಪೂರ್ವಜರಲ್ಲಿ ಕೆಲವರು ಈ ಬಗೆಯ ಕಾಡುಹಾದಿಗಳಿಗಾಗಿಯೇ ಹುಟ್ಟಿದವರು.

ಆದರೆ ಜ್ಯಾಕ್ ಪೈನಿನ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವ ವ್ಯಕ್ತಿ ಒಬ್ಬ ಹೆಂಗಸು.

ಡಾಟ್ ರಾಬಿನ್‌ಸನ್ 1912ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದವರು. ತಂದೆ ಜೇಮ್ಸ್ ಗೌಲ್ಡಿಂಗ್ ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸುವ ಸೈಡ್‌ಕಾರುಗಳನ್ನು ರೂಪಿಸುತ್ತಿದ್ದರು. ಹೆರಿಗೆಯ ನೋವು ಕಾಣಿಸಿಕೊಂಡ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಸೈಡ್‌ಕಾರಿನಲ್ಲಿಯೇ ಎಂದು ಮನೆಯವರು ಹೇಳುತ್ತಿದ್ದರಂತೆ. ಹುಟ್ಟುವ ಮುನ್ನವೇ ಸವಾರಿ ಕಂಡ ಮಗು! ಕುಟುಂಬ ಅಮೆರಿಕಕ್ಕೆ ಬಂದು ಮಿಚಿಗನ್ನಿನ ಸ್ಯಾಗಿನಾ ಪಟ್ಟಣದಲ್ಲಿ ನೆಲೆಸಿತು. ಹುಡುಗಿ ತಂದೆಯ ಅಂಗಡಿಯಲ್ಲಿ ಕೆಲಸ ಮಾಡುತ್ತ ಬೆಳೆದಳು. 1930ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಫ್ಲಿಂಟ್ ಪಟ್ಟಣದ ನೂರು ಮೈಲಿಯ ಪಂದ್ಯಕ್ಕೆ ಇಳಿದು ಸಾವಿರಕ್ಕೆ ಸಾವಿರ ಅಂಕ ಪಡೆದು ಬಹುಮಾನ ಗೆದ್ದಳು. ನಿಮಿಷವೊಂದೂ ತಡವಿಲ್ಲ, ನಿಮಿಷವೊಂದೂ ಮುಂಚಿಲ್ಲ.

ಹೆಂಗಸರು ಇಂಥ ಪಂದ್ಯಗಳಿಗೆ ಬರುವುದು ಆ ಕಾಲದಲ್ಲಿ ಹಲವರಿಗೆ ಹಿಡಿಸುತ್ತಿರಲಿಲ್ಲ. ಮೈಯೆಲ್ಲ ಕೆಸರು, ಕಣ್ಣಿಗೆ ದಪ್ಪ ಕನ್ನಡಕ, ಎಣ್ಣೆ ಮೆತ್ತಿದ ಕೈ ಇವು ಮನೆವಂತ ಹೆಣ್ಣಿಗೆ ತಕ್ಕುದಲ್ಲವೆಂಬ ಮಾತು ಅಮೆರಿಕದಲ್ಲಿಯೂ ಸಲೀಸಾಗಿ ಚಲಾವಣೆಯಲ್ಲಿತ್ತು. (ಆ ದೇಶದ ಬಗೆಗೆ ಇಲ್ಲಿರುವ ಕಲ್ಪನೆಗಳು ಎಷ್ಟೋ ಸಲ ಸಿನಿಮಾದಿಂದ ಬಂದವು.) ಡಾಟ್ ಅದಕ್ಕೆ ಎರಡು ರೀತಿಯಲ್ಲಿ ಉತ್ತರ ಕೊಟ್ಟರು. ಒಂದು, ಉಡುಪಿನಲ್ಲಿ: ಗುಲಾಬಿ ಬಣ್ಣದ ಉಡುಪು, ಮುಂದೆ ಗುಲಾಬಿ ಬಣ್ಣದ ಗಾಡಿ. ದಿನದ ಸವಾರಿ ಮುಗಿದ ಮೇಲೆ ಕೆಸರು ತೊಳೆದು ಅಚ್ಚುಕಟ್ಟಾದ ಉಡುಪಿನಲ್ಲಿ ಊಟಕ್ಕೆ ಬರುವುದು ಅವರ ಪದ್ಧತಿಯಾಗಿತ್ತು. ಇನ್ನೊಂದು ಉತ್ತರ ಜ್ಯಾಕ್ ಪೈನ್ ಕಾಡಿನಲ್ಲಿ.

ಅವರು ಆರಿಸಿಕೊಂಡದ್ದು ಸೈಡ್‌ಕಾರಿನ ವರ್ಗವನ್ನು. ಎರಡು ಚಕ್ರದ ಗಾಡಿಯೇ ನುಸುಳಲು ತಿಣುಕುವ ಸಂದಿಯಲ್ಲಿ ಮೂರು ಚಕ್ರದ ಗಾಡಿಯನ್ನು ನಡೆಸುವುದೆಂದರೆ, ಓಣಿಯಲ್ಲಿ ತೇರೆಳೆದಂತೆ. ಹಳೆಯ ಗಾಡಿಜಾಡಿನ ಒಂದು ಕೊರಕಲಿನಲ್ಲಿ ಮುಖ್ಯ ಚಕ್ರಗಳಿದ್ದರೆ ಪಕ್ಕದ ಚಕ್ರ ನಡುದಿಬ್ಬವನ್ನೇರಿ ಗಾಡಿ ಓರೆಯಾಗುತ್ತದೆ. ಸೈಡ್‌ಕಾರಿನಲ್ಲಿ ಕುಳಿತ ಜೊತೆಗಾರ ಮೂಟೆಯಂತೆ ಕುಳಿತಿರದೆ, ತಿರುವಿಗೆ ತಕ್ಕಂತೆ ಹೊರಗೆ ವಾಲಿ ತೂಕ ಸರಿದೂಗಿಸಬೇಕು. ಹೂತರೆ ಇಬ್ಬರೂ ಇಳಿದು ತಳ್ಳಬೇಕು. 1940ರಲ್ಲಿ ಡಾಟ್ ಆ ವರ್ಗದಲ್ಲಿ ಮೊದಲಿಗರಾದರು. ಅಮೆರಿಕದ ಮೋಟಾರ್ ಸೈಕಲ್ ಒಕ್ಕೂಟದ ರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಹೆಂಗಸೊಬ್ಬರು ಗೆದ್ದದ್ದು ಅದೇ ಮೊದಲು. ಮೆಚ್ಚುಗೆಗೆ ಅಂಕ ಕೊಡುವ ಪಂದ್ಯವಾಗಿದ್ದರೆ ಫಲಿತಾಂಶ ಏನಾಗುತ್ತಿತ್ತೋ! ಇಲ್ಲಿ ತೀರ್ಪು ಕೊಡುವುದು ಮೇಜಿನ ಮೇಲಿನ ಗಡಿಯಾರ. ಬಂದವರ ಸಂಖ್ಯೆ ಮತ್ತು ನಿಮಿಷವನ್ನಲ್ಲದೆ ಠಾಣೆಯವನು ಬೇರೇನನ್ನೂ ಬರೆದುಕೊಳ್ಳುವಂತಿಲ್ಲ. ಅದೇ ವರ್ಷ ಅವರು ಲಿಂಡಾ ದುಜೋ ಎಂಬವರೊಡಗೂಡಿ ‘ಮೋಟಾರ್ ಮೇಡ್ಸ್’ ಎಂಬ ಸವಾರಿಣಿಯರ ಸಂಘವನ್ನು ಸ್ಥಾಪಿಸಿದರು. ಬಿಳಿಯ ಕೈಗವಸು ಆ ಸಂಘದವರ ಗುರುತು. 1998ರಲ್ಲಿ ಅಮೆರಿಕದ ಮೋಟಾರ್ ಸೈಕಲ್ ಗೌರವ ಸಭಾಂಗಣ ಡಾಟ್ ಅವರ ಹೆಸರನ್ನು ಸೇರಿಸಿಕೊಂಡಿತು. ಮರುವರ್ಷ ಅವರು ತೀರಿಕೊಂಡರು.

ಕಾಡಿಗೂ ತನ್ನದೇ ಆದ ಲೆಕ್ಕವಿದೆ. ಜ್ಯಾಕ್ ಪೈನ್ ಪೊದೆಯ ಕೆಳಗೊಂಬೆಗಳ ಅಡಿಯಲ್ಲಿ, ನೆಲದ ಮೇಲೆಯೇ, ಗೂಡು ಕಟ್ಟುವ ಹಕ್ಕಿಯೊಂದಿದೆ: ಹಳದಿ ಎದೆಯ ಕರ್ಟ್‌ಲೆಂಡ್ ಉಲಿಯಕ್ಕಿ. ಮರಗಳ ವಯಸ್ಸು ಐದರಿಂದ ಇಪ್ಪತ್ತು ವರ್ಷದ ಒಳಗಿರಬೇಕು. ಅದಕ್ಕಿಂತ ಮುದಿಯಾದರೆ ಈ ಹಕ್ಕಿಗೆ ಒಗ್ಗದು. ಮನುಷ್ಯರು ಕಾಳ್ಗಿಚ್ಚನ್ನು ಜಾಣತನದಿಂದ ಆರಿಸಲು ಕಲಿತಂತೆಲ್ಲ ಎಳೆಯ ಪೈನ್‌ಗಾಡು ಕಡಿಮೆಯಾಯಿತು. 1951ರ ಎಣಿಕೆಯಲ್ಲಿ ಹಾಡುವ ಗಂಡುಹಕ್ಕಿಗಳು 432, 1974ರಲ್ಲಿ 167. ಹಕ್ಕಿಗಾಗಿ ಕಾಡನ್ನು ಅಲ್ಲಲ್ಲಿ ಸುಡಲು ಅರಣ್ಯದವರು ಮುಂದಾದರು. 1980ರ ಮೇ 5ರಂದು ಮಯೋ ಎಂಬ ಊರಿನ ಬಳಿ ಹಾಗೆ ಹಚ್ಚಿದ ಬೆಂಕಿ ಗಾಳಿಗೆ ಸಿಕ್ಕಿ ಕೈಮೀರಿತು. ಸುಮಾರು 24,000 ಎಕರೆ ಉರಿದುಹೋಯಿತು, ಹತ್ತಾರು ಮನೆಗಳು ಬೂದಿಯಾದವು, ಅರಣ್ಯ ಇಲಾಖೆಯ ನೌಕರನೊಬ್ಬ ಪ್ರಾಣ ಕಳೆದುಕೊಂಡ. ವರ್ಷಗಳು ಕಳೆದು ಆ ಸುಟ್ಟ ನೆಲದಲ್ಲಿ ಪೈನ್ ಸಸಿಗಳು ಮೊಣಕಾಲೆತ್ತರ, ಎದೆಯೆತ್ತರ ಬೆಳೆದಾಗ ಹಕ್ಕಿಗಳು ಅಲ್ಲಿಗೇ ಹಿಂಡುಹಿಂಡಾಗಿ ಬಂದು ಹಾಡತೊಡಗಿದವು. ಆ ಬೆಂಕಿಯನ್ನು ಒಳ್ಳೆಯದೆನ್ನುವುದು ಹೇಗೆ, ಕೆಟ್ಟದೆನ್ನುವುದು ಹೇಗೆ? 2019ರಲ್ಲಿ ಈ ಹಕ್ಕಿಯ ಹೆಸರನ್ನು ಅಮೆರಿಕದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆದರು.

ನೆಲದ ಮೇಲಿನ ಗೂಡಿಗೆ ಚಕ್ರ ಎಂದೂ ಮಿತ್ರನಲ್ಲ. ಗೂಡು ಕಟ್ಟುವ ತಿಂಗಳುಗಳಲ್ಲಿ ಹಕ್ಕಿಯ ನೆಲೆಗಳಿಗೆ ಪ್ರವೇಶ ನಿಷಿದ್ಧ. ಕಾಡಂಚಿನಲ್ಲಿ ಹಲಗೆ ತೂಗುತ್ತದೆ. ಮುಂದಿನ ಕಾಲದಲ್ಲಿ ಪಂದ್ಯದ ದೂರವೂ ಕುಗ್ಗಿತು. ಐನೂರು ಮೈಲಿಯ ಮಾತು ಹಳಬರ ಬಾಯಲ್ಲಿ ಉಳಿಯಿತು. ಬೇಸಗೆ ಇಳಿದು ಹಕ್ಕಿಗಳು ಬಹಾಮಾ ದ್ವೀಪಗಳ ಕಡೆಗೆ ಹೊರಡುವ ದಿನಗಳಲ್ಲಿ ಮರಳುಜಾಡುಗಳಲ್ಲಿ ಮತ್ತೆ ಎಂಜಿನ್ನಿನ ಸದ್ದು ಕೇಳುತ್ತದೆ. ಒಣಗಿದ ಸೂಜಿಯೆಲೆ ಚಕ್ರಕ್ಕೆ ಅಂಟಿ ಬರುತ್ತದೆ. ರಸ್ತೆಗೆ ಬಂದ ಸವಾರ ಗಾಡಿಯನ್ನು ಮರಕ್ಕೆ ಒರಗಿಸಿ, ಕೈಗವಸು ಕಳಚಿ, ಮೊದಲು ಗಡಿಯಾರವನ್ನು ನೋಡಿಕೊಳ್ಳುತ್ತಾನೆ.