ಬೀರುವಿನೊಳಗಿನ ಪ್ರೊಫೆಸರರು

ಅನ್ನದ ಮೇಲೆ ಹುಳಿಯನ್ನು ಬಡಿಸಿಕೊಂಡು ಕಲಸಿದರೆ ಅದು ಹುಳಿಯನ್ನ. ಅಕ್ಕಿಯನ್ನೂ ಬೇಳೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಿಸೆಹುಳಿಯನ್ನೂ ಪುಡಿಯನ್ನೂ ಬೆರಸಿ ಕುದಿಸಿದರೆ ಅದು ಬಿಸಿಬೇಳೆ ಹುಳಿಯನ್ನ. ಸಾಮಾನು ಎರಡಕ್ಕೂ ಹೆಚ್ಚುಕಡಮೆ ಒಂದೇ. ಆದರೆ ಮೊದಲನೆಯದರಲ್ಲಿ ಮನಸ್ಸು ಬಂದರೆ ಹುಳಿಯನ್ನು ಪಕ್ಕಕ್ಕೆ ಸರಿಸಿ, ಉಳಿದ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳಬಹುದು. ಎರಡನೆಯದರಲ್ಲಿ ಬ್ರಹ್ಮನೇ ಬಂದರೂ ಬೇಳೆಯನ್ನು ಅಕ್ಕಿಯಿಂದ ಬೇರ್ಪಡಿಸಲಾರ. 67 ವರ್ಷ ಊಟ ಮಾಡಿಯೂ ಈ ತತ್ತ್ವವನ್ನು ನಾನು ಗಂಭೀರವಾಗಿ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದ್ದು ಅಡಿಗೆಮನೆಯಲ್ಲ, ಒಂದು ಆಟದ ಪೆಟ್ಟಿಗೆ.

ಕಳೆದ ವರ್ಷ ಮನೆಗೆ ಬಣ್ಣ ಹೊಡೆಸುವ ಸಲುವಾಗಿ ಕೋಣೆಯ ಬೀರುವನ್ನು ಖಾಲಿ ಮಾಡುತ್ತಿದ್ದೆ. ಕೆಳಗಿನ ಅರೆಯಲ್ಲಿ, ಅವಧಿ ಮುಗಿದ ವಿಮಾ ಪತ್ರಗಳ ಅಡಿಯಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಒಂದು ವಸ್ತು ಕೈಗೆ ತಗುಲಿತು. ಬಿಚ್ಚಿ ನೋಡಿದರೆ ಕನ್ನಡಕದ ಡಬ್ಬಿಯಂತೆ ಮಡಚುವ ಬಿಳಿಯ ಪೆಟ್ಟಿಗೆ. ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಕೆಳಗಿನದನ್ನು ಮುಟ್ಟಲು ಪಕ್ಕದಲ್ಲಿ ಸಿಕ್ಕಿಸಿದ ಒಂದು ಪುಟ್ಟ ಕಡ್ಡಿ. ನಿಂಟೆಂಡೊ ಡಿಎಸ್ ಎಂಬ ಜಪಾನಿನ ಈ ಯಂತ್ರ 2004ರಲ್ಲಿ ಹುಟ್ಟಿ, ತನ್ನ ಆಯುಷ್ಯದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತಂತೆ. ಆ 15 ಕೋಟಿಯಲ್ಲಿ ಒಂದನ್ನು ನನ್ನ ಭಾವಮೈದುನ 2009ರ ಬೇಸಗೆಯಲ್ಲಿ ಅಮೆರಿಕದಿಂದ ತಂದು ನನ್ನ ಮಗನ ಕೈಗಿತ್ತ. 2010ರ ಜನವರಿಯಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆ ಮೂರು ತಿಂಗಳಿದೆ ಎನ್ನುವಾಗ, ನಾನು ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಪರೀಕ್ಷೆಯ ಹಿಂದೆಯೇ ಪಿ.ಯು.ಸಿ. ಬಂದಿತು, ಅದರ ಹಿಂದೆ ಸಿ.ಇ.ಟಿ. ಬಂದಿತು. ಹುಡುಗ ಒಂದು ದಿನವೂ ಕೇಳಲಿಲ್ಲ. ವಿಧೇಯತೆಯೆಂದರೆ ಇದಪ್ಪಾ ಎಂದು ಹಿಗ್ಗಿಕೊಂಡು, ನಾನೂ ಮರೆತೆ.

ನಿಜ ಹೇಳುವುದಾದರೆ ಆ ಪೆಟ್ಟಿಗೆಯೊಳಗೆ ಏನಿದೆಯೆಂದು ಆಗ ನಾನು ನೋಡಿರಲಿಲ್ಲ. ಬಂದೂಕು, ಕಾರು, ಢಂ ಢಂ ಸದ್ದು, ಇನ್ನೇನಿದ್ದೀತು ಎಂಬುದು ನನ್ನ ತೀರ್ಮಾನ. ಈಗ ಕೆಲಸವಿಲ್ಲದ ಕುತೂಹಲದಿಂದ ಅದನ್ನು ಎಸ್.ಪಿ. ರಸ್ತೆಗೆ ಒಯ್ದು ಹೊಸ ಬ್ಯಾಟರಿ ಹಾಕಿಸಿದೆ. ಅಂಗಡಿಯ ಹುಡುಗ ನನ್ನನ್ನೂ ಪೆಟ್ಟಿಗೆಯನ್ನೂ ಸರದಿಯಲ್ಲಿ ನೋಡಿ, "ಮೊಮ್ಮಗನಿಗಾ ಸಾರ್?" ಎಂದ. ಹೌದೆಂದು ತಲೆಯಾಡಿಸಿದೆ. ಆ ಸುಳ್ಳಿನ ಪಾಪ ನನ್ನದೇ.

ಜೊತೆಯಲ್ಲಿ ಅಂಚೆಚೀಟಿಗಿಂತ ಕೊಂಚ ದೊಡ್ಡದಾದ ಮೂರು ಆಟದ ಬಿಲ್ಲೆಗಳಿದ್ದವು. ಮೂರರಲ್ಲಿ ಒಂದರಲ್ಲೂ ಕಾರಿರಲಿಲ್ಲ. ಮೂರೂ ಒಗಟಿನ ಆಟಗಳೇ. ಆದರೆ ಬರಿಯ ಒಗಟಲ್ಲ, ಒಗಟಿಗೆ ಬೇರೊಂದು ಬಗೆಯ ಆಟವನ್ನು ಬೆರಸಿದಂಥವು. ಕೈಯಲ್ಲಿ ಹಿಡಿಯುವ ಯಂತ್ರಗಳಿಗೂ ಒಗಟಿಗೂ ಮೊದಲಿನಿಂದಲೂ ನಂಟಿದೆ. 1984ರಲ್ಲಿ ಮಾಸ್ಕೊದಲ್ಲಿ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಟೆಟ್ರಿಸ್ ಆಟವು 1989ರಲ್ಲಿ ಗೇಮ್ ಬಾಯ್ ಯಂತ್ರದ ಜೊತೆಗೂಡಿಯೇ ಅಮೆರಿಕದ ಮನೆಮನೆಯನ್ನು ಹೊಕ್ಕಿತು. ಬಸ್ಸು ಬರುವವರೆಗೆ ಆಡಿ, ಬಂದೊಡನೆ ಮುಚ್ಚಿಡಲು ಒಗಟಿನಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಆದರೆ ಬಸ್ಸಿಳಿದ ಮೇಲೂ ಆಡಿಸಬೇಕಲ್ಲ? ಅದಕ್ಕೆ ಕಥೆ ಬೇಕು, ಯುದ್ಧ ಬೇಕು, ಮುಂದೇನಾಯಿತೆಂಬ ಆತುರ ಬೇಕು. ಧಾರಾವಾಹಿಯ ಗುಟ್ಟು ತಿಳಿದ ಈ ಪತ್ರಿಕೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೊದಲು ಹಾಕಿದ್ದು 2007ರ 'ಪಜಲ್ ಕ್ವೆಸ್ಟ್'. ಆಸ್ಟ್ರೇಲಿಯದ ಸ್ಟೀವ್ ಫಾಕ್ನರ್ ಎಂಬವರ ಸೃಷ್ಟಿ. ಸಾಲಿಗೆ ಎಂಟರಂತೆ ಎಂಟು ಸಾಲು, 64 ಮನೆಗಳಲ್ಲಿ ಬಣ್ಣಬಣ್ಣದ ಹರಳುಗಳು. ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ ಒಂದೇ ಬಗೆಯ ಮೂರನ್ನು ಸಾಲುಗೂಡಿಸಿದರೆ ಅವು ಮಾಯವಾಗಿ, ಮೇಲಿನವು ಕೆಳಗಿಳಿಯುತ್ತವೆ. ಇಲ್ಲಿಯವರೆಗೆ ಇದು ಫೋನುಳ್ಳವರೆಲ್ಲ ಬಲ್ಲ ಆಟ. ಆದರೆ ಇಲ್ಲಿ ಎದುರಿಗೆ ಒಬ್ಬ ರಾಕ್ಷಸ ನಿಂತಿರುತ್ತಾನೆ. ಅವನೂ ಅದೇ ಹಲಗೆಯ ಮೇಲೆ ಸರದಿಯಲ್ಲಿ ಆಡುತ್ತಾನೆ. ಕೆಂಪು, ಹಸುರು, ನೀಲಿ, ಹಳದಿ ಹರಳುಗಳು ಮಂತ್ರಶಕ್ತಿಯಾಗಿ ಕೂಡುತ್ತವೆ. ಕಪಾಲಗಳು ಮೂರು ಸೇರಿದರೆ ಎದುರಾಳಿಗೆ ಪೆಟ್ಟು. ನಾಲ್ಕು ಸೇರಿಸಿದರೆ ಇನ್ನೊಂದು ಸರದಿ. ಹೀಗಾಗಿ ನನಗೇನು ಸಿಗುತ್ತದೆಂದು ನೋಡಿದರೆ ಸಾಲದು, ನಾನು ಹರಳು ಸರಿಸಿದ ಮೇಲೆ ಅವನಿಗೇನು ಸಿಗುತ್ತದೆಂದೂ ನೋಡಬೇಕು. ಅಳಿಗುಳಿಮಣೆಯಲ್ಲಿ ನನ್ನ ಅಜ್ಜಿ ನನ್ನನ್ನು ಸೋಲಿಸುತ್ತಿದ್ದುದು ಹೀಗೆಯೇ.

ಎರಡು ವಾರ ಊಟ ನಿದ್ದೆ ಮರೆತೆ. ಆಮೇಲೆ ಸಂಶಯ ಶುರುವಾಯಿತು. ಪ್ರಾಣಿಯನ್ನು ಹಿಡಿಯುವುದಕ್ಕೂ ಅದೇ ಹಲಗೆ, ಮಂತ್ರ ಕಲಿಯುವುದಕ್ಕೂ ಅದೇ ಹಲಗೆ, ಆಯುಧ ಮಾಡುವುದಕ್ಕೂ ಅದೇ ಹಲಗೆ. ನಿಯಮ ಮಾತ್ರ ಒಂದಿಷ್ಟು ಬೇರೆ. ಯುದ್ಧಕ್ಕೂ ಒಗಟಿಗೂ ಬೆಸುಗೆ ಭದ್ರವಾಗಿದೆ, ಒಪ್ಪಿದೆ. ಕಥೆ ಮಾತ್ರ ಎಲೆಯ ತುದಿಯ ಉಪ್ಪಿನಕಾಯಿ. ರಾಜಕುಮಾರಿ ಯಾರನ್ನು ಮದುವೆಯಾದರೆ ನನಗೇನು ಎನ್ನಿಸಿಬಿಟ್ಟಿತು. ಇನ್ನೊಂದು ದೂರು: ರಾಕ್ಷಸನ ಸರದಿ ಬಂದಾಗಲೆಲ್ಲ ಮೇಲಿನಿಂದ ಅವನಿಗೆ ಬೇಕಾದ ಹರಳೇ ಉದುರುತ್ತದೆ. ಇದರಲ್ಲಿ ಮೋಸವಿಲ್ಲವೆಂದು ಆಟ ರಚಿಸಿದವರು ಹೇಳಿದ್ದಾರೆ. ಇಸ್ಪೀಟಿನಲ್ಲಿ ಸೋತವರು ಎಲೆ ಹಂಚಿದವನನ್ನು ಬೈಯುವುದು ಲೋಕರೂಢಿ, ಆದ್ದರಿಂದ ನಂಬುತ್ತೇನೆ. ಆದರೂ...

ಎರಡನೆಯದು 2009ರ 'ಹೆನ್ರಿ ಹ್ಯಾಟ್ಸ್‌ವರ್ತ್'. ನಾಯಕ ಯಾರು ಗೊತ್ತೆ? ನನ್ನಂಥ ಒಬ್ಬ ಮುದುಕ! ಟೋಪಿ ಧರಿಸಿ, ಕೋಲು ಹಿಡಿದು, ಚಹಾ ಕುಡಿಯುವ ಇಂಗ್ಲಿಷ್ ಸಭ್ಯಗೃಹಸ್ಥ. ಮೇಲಿನ ಪರದೆಯಲ್ಲಿ ಅವನು ಓಡುತ್ತ, ನೆಗೆಯುತ್ತ, ಶತ್ರುಗಳನ್ನು ಬಡಿಯುತ್ತ ಹೋಗುತ್ತಾನೆ. ಕೆಳಗಿನ ಪರದೆಯಲ್ಲಿ ಬಣ್ಣದ ಚೌಕಗಳು ನಿಧಾನವಾಗಿ ಮೇಲೇರುತ್ತಿರುತ್ತವೆ. ಮೇಲೆ ಸತ್ತ ಶತ್ರು ನಿಜವಾಗಿ ಸತ್ತಿಲ್ಲ. ಕೆಳಗಿಳಿದು ಚೌಕವಾಗಿ ಕುಳಿತಿದ್ದಾನೆ. ಅವನನ್ನು ಬಣ್ಣ ಕೂಡಿಸಿ ಅಲ್ಲಿಯೂ ತೀರಿಸದಿದ್ದರೆ, ಏರಿ ಏರಿ ಅಂಚನ್ನು ದಾಟಿ, ಮತ್ತೆ ಮೇಲಿನ ಲೋಕಕ್ಕೆ ನುಗ್ಗಿ ಮುದುಕನ ತಲೆಯ ಮೇಲೆ ಎರಗುತ್ತಾನೆ. ಕೆಳಗೆ ಕೆಲಸ ಮಾಡುವಾಗ ಮೇಲಿನ ಲೋಕ ತಟಸ್ಥವಾಗಿರುತ್ತದೆ. ಆದರೆ ಆ ಬಿಡುವಿಗೂ ಮಿತಿಯುಂಟು, ಅದನ್ನು ಮೇಲೆ ಹೊಡೆದಾಡಿಯೇ ಗಳಿಸಬೇಕು. ಒಗಟನ್ನು ಬಿಡಿಸುತ್ತ ಬಿಡಿಸುತ್ತ ಶಕ್ತಿ ತುಂಬಿದರೆ ಮುದುಕ ಚಹಾ ಸೇವಿಸಿ ದೊಡ್ಡ ಲೋಹಯಂತ್ರದೊಳಗೆ ಕುಳಿತುಬಿಡುತ್ತಾನೆ. ನಿವೃತ್ತರಿಗೆ ಇದಕ್ಕಿಂತ ಸಮಾಧಾನಕರವಾದ ದೃಶ್ಯವನ್ನು ನಾನು ಕಂಡಿಲ್ಲ.

ಎರಡು ಪರದೆಯ ಯಂತ್ರದಲ್ಲಲ್ಲದೆ ಈ ಆಟ ಹೀಗೆ ಹುಟ್ಟುತ್ತಿರಲಿಲ್ಲ. ಓಟವಿಲ್ಲದೆ ಒಗಟಿಲ್ಲ, ಒಗಟಿಲ್ಲದೆ ಓಟವಿಲ್ಲ. ಇದು ಅಪ್ಪಟ ಬಿಸಿಬೇಳೆ ಹುಳಿಯನ್ನ. ದುರದೃಷ್ಟವೆಂದರೆ ಖಾರ ಅತಿ. ನನ್ನ ಬೆರಳುಗಳು ಎರಡನೆಯ ಲೋಕದಲ್ಲಿಯೇ ಕೈಚೆಲ್ಲಿದವು. ಮೆಚ್ಚಿದೆ; ಮುಗಿಸಲಿಲ್ಲ.

ನಡುವೆ ಒಂದು ಮಾತು. 2012ರಲ್ಲಿ ಜಪಾನಿನಲ್ಲಿ 'ಪಜಲ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಫೋನುಗಳಿಗೆ ಬಂದಿತು. ಅದೂ ಹರಳು, ಅದೂ ಯುದ್ಧ. ಆಡಲು ಕಾಸು ಬೇಡ. ಆದರೆ ಒಳ್ಳೆಯ ಪ್ರಾಣಿ ಸಿಗಬೇಕಾದರೆ ಲಾಟರಿ ಎತ್ತಬೇಕು, ಮತ್ತೆ ಮತ್ತೆ ಎತ್ತಲು ದುಡ್ಡು ಸುರಿಯಬಹುದು. ಒಗಟು, ಯುದ್ಧ ಎರಡರ ಜೊತೆಗೆ ಜೇಬನ್ನೂ ಬೆರಸಿದ ಆ ಅಡಿಗೆ ನನಗೆ ಹಿಡಿಸದು. ಬೀರುವಿನಲ್ಲಿದ್ದ ಬಿಲ್ಲೆಗಳು ಒಮ್ಮೆ ಕೊಂಡ ಮೇಲೆ ಇಷ್ಟು ವರ್ಷ ಒಂದು ಪೈಸೆಯನ್ನೂ ಕೇಳಲಿಲ್ಲ.

ಮೂರನೆಯದೇ 'ಪ್ರೊಫೆಸರ್ ಲೇಟನ್ ಅಂಡ್ ದಿ ಕ್ಯೂರಿಯಸ್ ವಿಲೇಜ್'. ಜಪಾನಿನಲ್ಲಿ 2007, ಅಮೆರಿಕದಲ್ಲಿ 2008. ಉದ್ದನೆಯ ಟೋಪಿಯ ಪ್ರೊಫೆಸರರೂ ಲ್ಯೂಕ್ ಎಂಬ ಹುಡುಗನೂ ಒಂದು ವಿಚಿತ್ರ ಊರಿಗೆ ಬಂದಿಳಿಯುತ್ತಾರೆ. ಸತ್ತ ಶ್ರೀಮಂತನೊಬ್ಬನ ಉಯಿಲು, ಚಿನ್ನದ ಸೇಬು ಎಂಬ ನಿಧಿ, ಒಂದು ಕೊಲೆ, ಊರಂಚಿನಲ್ಲೊಂದು ಗೋಪುರ: ಸೊಗಸಾದ ಪತ್ತೇದಾರಿ ಕಥೆ. ಆದರೆ ದಾರಿ ಕೇಳಿದರೆ ಊರಿನವರು ದಾರಿ ಹೇಳುವುದಿಲ್ಲ, ಒಗಟು ಹೇಳುತ್ತಾರೆ. ಬೆಕ್ಕು ಕಂಡಿರಾ ಎಂದರೆ ಒಗಟು. ಬಾಗಿಲು ತೆಗೆಯಿರಿ ಎಂದರೆ ಒಗಟು. ಹೀಗೆ 130ಕ್ಕೂ ಹೆಚ್ಚು. ಇವುಗಳ ಹಿಂದಿದ್ದವರು ಅಕಿರಾ ತಾಗೊ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರು 1966ರಿಂದ ಪ್ರಕಟಿಸಿದ ಒಗಟಿನ ಪುಸ್ತಕಗಳು ಜಪಾನಿನಲ್ಲಿ ಮನೆಮಾತು. ಅವನ್ನು ಓದಿ ಬೆಳೆದ ಅಕಿಹಿರೊ ಹಿನೊ ತಾವು ಆಟ ಮಾಡುವಾಗ ಅವರನ್ನೇ ಕರೆತಂದರು.

ಇದು ಬರಿಯ ಹುಳಿಯನ್ನವೆಂದು ಮೊದಲ ದಿನವೇ ತೀರ್ಪು ಕೊಟ್ಟೆ. ಕಥೆ ಬೇರೆ, ಒಗಟು ಬೇರೆ, ಕೈಯಿಂದ ಕಲಸಿದ್ದು. ಹಾಗೆಂದು ಬಿಡಲಾರದೆ ಹೋದದ್ದು ಬೇರೆ ಕಾರಣಕ್ಕೆ. ಆಟ ಉಳಿಸಿಡಲು ಅದರಲ್ಲಿ ಮೂರು ಮನೆಗಳಿವೆ. ಮೊದಲನೆಯದರಲ್ಲಿ ನನ್ನ ಮಗನ ಹೆಸರಿತ್ತು. ಮುಂದೆ, ಬಿಡಿಸಿದ ಒಗಟುಗಳ ಲೆಕ್ಕ 74. ಹಳೆಯ ಕಾಲದ ಹಲವು ಆಟದ ಬಿಲ್ಲೆಗಳಲ್ಲಿ ನೆನಪು ನಿಲ್ಲಲು ಒಳಗೊಂದು ಪುಟ್ಟ ಬ್ಯಾಟರಿ ಬೇಕಾಗಿತ್ತು. ಅದು ತೀರಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಇದರ ನೆನಪಿಗೆ ವಿದ್ಯುತ್ತೇ ಬೇಡ. 2010ರ ಜನವರಿಯ ಆ ಸಂಜೆ ಎಲ್ಲಿ ನಿಂತಿತ್ತೋ ಅಲ್ಲಿಯೇ ನಿಂತಿತ್ತು. ನಾನು ಎರಡನೆಯ ಮನೆಯಲ್ಲಿ ನನ್ನ ಹೆಸರನ್ನು ಬರೆದೆ.

ಏಳನೆಯ ಒಗಟಿಗೆ ಬಂದಾಗ ಕಡ್ಡಿ ಕೈಯಲ್ಲೇ ನಿಂತಿತು. ಮೂರು ತೋಳ, ಮೂರು ಕೋಳಿಮರಿ, ಒಂದು ತೆಪ್ಪ. ತೆಪ್ಪದಲ್ಲಿ ಎರಡಕ್ಕೆ ಮಾತ್ರ ಸ್ಥಳ. ಯಾವ ದಡದಲ್ಲಾದರೂ ತೋಳಗಳ ಸಂಖ್ಯೆ ಹೆಚ್ಚಾದರೆ ಮರಿಗಳ ಗತಿ ಮುಗಿಯಿತು. ಎಲ್ಲವನ್ನೂ ಹೊಳೆ ದಾಟಿಸಬೇಕು. ನಮ್ಮ ಹುಲಿ, ಹಸು, ಹುಲ್ಲಿನ ಹೊರೆಯ ಒಗಟಿನ ದಾಯಾದಿಯಲ್ಲವೆ ಇದು? ಯುರೋಪಿನಲ್ಲಿ ಆಲ್ಕ್ವಿನ್ ಎಂಬ ವಿದ್ವಾಂಸನದೆನ್ನುವ 1200 ವರ್ಷ ಹಳೆಯ ಸಂಗ್ರಹದಲ್ಲಿ ಹುಲಿಯ ಬದಲು ತೋಳ, ಹುಲ್ಲಿನ ಬದಲು ಕೋಸು ಇದೆಯಂತೆ. ಕರೆಂಟು ಹೋದ ರಾತ್ರಿಗಳಲ್ಲಿ ಮೇಣದ ಬತ್ತಿಯ ಮುಂದೆ, ಅಡಕೆಯನ್ನು ಹುಲಿ ಮಾಡಿ, ಬಟ್ಟಲನ್ನು ದೋಣಿ ಮಾಡಿ, ನನ್ನ ಮಗನಿಗೆ ಇದನ್ನು ಕಲಿಸಿದವನು ನಾನೇ. "ಇನ್ನೊಂದು, ಅಪ್ಪಾ" ಎಂದು ಅವನು ಪೀಡಿಸುತ್ತಿದ್ದ. ನನ್ನ ಬಳಿ ಇದ್ದವು ಏಳೋ ಎಂಟೋ, ಬೇಗ ತೀರಿಹೋದವು. ಇನ್ನೂ 130 ಕೊಡುವ ಗುರುವೊಬ್ಬ ಅವನಿಗೆ ಸಿಕ್ಕಿದ್ದ. ನಾನು ಆ ಗುರುವನ್ನು ಕರವಸ್ತ್ರದಲ್ಲಿ ಸುತ್ತಿ ಬೀಗ ಹಾಕಿದ್ದೆ.

ಈ ಒಗಟಿಗೆ ಕಡೆಯ ಪಕ್ಷ 11 ಸಲ ತೆಪ್ಪ ಓಡಬೇಕು. ನಾನು ಊಟದ ಮೇಜಿನ ಮೇಲೆ ಹುಣಿಸೆ ಬೀಜವನ್ನು ತೋಳವೆಂದೂ ಹುರಿಗಡಲೆಯನ್ನು ಮರಿಯೆಂದೂ ಇಟ್ಟುಕೊಂಡು ಎರಡು ಸಂಜೆ ಹೆಣಗಿದೆ. ಕಷ್ಟವಿರುವುದು ನಟ್ಟನಡುವೆ: ಆಚೆ ದಡಕ್ಕೆ ಸೇರಿಸಿದ ಒಂದು ತೋಳವನ್ನೂ ಒಂದು ಮರಿಯನ್ನೂ ಜೊತೆಯಾಗಿ ಈಚೆಗೆ ವಾಪಸು ತರಬೇಕು. ಕೊಂಡುಹೋದದ್ದನ್ನು ಹಿಂದಕ್ಕೆ ತರುವ ಯೋಚನೆಯೇ ನನಗೆ ಬರಲಿಲ್ಲ. ಇಷ್ಟರಲ್ಲಿ ನಮ್ಮಾಕೆ ಬಂದು ಒಂದು ಕೋಳಿಮರಿಯನ್ನು ಬಾಯಿಗೆ ಹಾಕಿಕೊಂಡು, "ಏನೂಂದ್ರೆ, ಆವತ್ತು ಆ ಮಗುವಿನಿಂದ ಕಿತ್ತುಕೊಂಡಿರಿ, ಇವತ್ತು ನಿಮ್ಮಿಂದ ಕಿತ್ತುಕೊಳ್ಳುವವರು ಯಾರು?" ಎಂದಳು. ಕೊನೆಗೆ ದಾಟಿಸಿದೆ. 27 ಸಲವಾಯಿತು.

ಒಂದು ತಿಂಗಳಲ್ಲಿ ಕಥೆಯ ಕೊನೆಯನ್ನು ಮುಟ್ಟಿದೆ. ಅಲ್ಲಿ ನನ್ನ ತೀರ್ಪು ತಲೆಕೆಳಗಾಯಿತು. ಊರಿನವರೆಲ್ಲ ಬಾಯಿ ತೆರೆದರೆ ಒಗಟೇ ಹೇಳುವುದಕ್ಕೆ ಕಾರಣವಿದೆ. ಆ ಕಾರಣವೇ ಕಥೆ. ಏನೆಂದು ಹೇಳಿದರೆ ಆಡಬೇಕೆಂದಿರುವವರು ಶಪಿಸುವರು. ಹುಳಿಯನ್ನವೆಂದು ನಾನು ಮೂಗು ಮುರಿದದ್ದು ಮೊದಲಿನಿಂದಲೂ ಒಂದೇ ಪಾತ್ರೆಯಲ್ಲಿ ಬೆಂದದ್ದಾಗಿತ್ತು. ತಳ ಮುಟ್ಟುವವರೆಗೆ ಗೊತ್ತಾಗುವಂತಿರಲಿಲ್ಲ. 74ಕ್ಕೆ ನಿಂತವನಿಗೆ ಅದು ಹೇಗೆ ಗೊತ್ತಾಗಬೇಕು?

ಆ ಭಾನುವಾರ ಪುಣೆಯಿಂದ ಮಗನ ಫೋನು ಬಂದಿತು. ಯೋಗಕ್ಷೇಮವಾದ ಮೇಲೆ, ಗಂಟಲು ಸರಿಮಾಡಿಕೊಂಡು, ಪೆಟ್ಟಿಗೆಯ ವಿಷಯವನ್ನೆತ್ತಿದೆ. ಅವನ ಲೆಕ್ಕ ಹಾಗೆಯೇ ಇದೆ, ನಾನು ಮುಟ್ಟಿಲ್ಲ, ದೀಪಾವಳಿಗೆ ಬಂದಾಗ ಮುಂದುವರಿಸಬಹುದು ಎಂದೆ.

ಆ ಕಡೆ ನಗು ಕೇಳಿಸಿತು. "ಅಯ್ಯೋ ಅಪ್ಪಾ, ಅದನ್ನು ಆ ಬೇಸಗೆ ರಜದಲ್ಲೇ ಮುಗಿಸಿದೆನಲ್ಲ. ಹಿಂದಿನ ರಸ್ತೆಯ ಸ್ನೇಹಿತನ ಹತ್ತಿರ ಇದೇ ಆಟ ಇತ್ತು. ಕ್ರಿಕೆಟ್ಟಿಗೆ ಹೋಗ್ತೀನಿ ಅಂತ ಹೋಗ್ತಿದ್ದೆ."

"ನನಗೆ ಹೇಳಲಿಲ್ಲವಲ್ಲೋ?"

"ನೀವು ಕೇಳಲಿಲ್ಲವಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನೇ ಕೇಳಿದ: "ಅದಿರಲಿ, ಆ ತೋಳ-ಕೋಳಿಮರಿಯದು ಎಷ್ಟು ಸಲದಲ್ಲಿ ಮಾಡಿದಿರಿ?"

"11" ಎಂದೆ.

ಅಡಿಗೆಮನೆಯಿಂದ ನಮ್ಮಾಕೆ ಗಟ್ಟಿಯಾಗಿ ಕೆಮ್ಮಿದಳು.