ಕೆರೆ ಸುತ್ತುವವರು, ತಲೆಕೆಳಗಾಗುವವರು

ಬೆಳಗಾದರೆ ಮೈಸೂರಿನ ರಾಮಕೃಷ್ಣನಗರದಲ್ಲಿ ಎರಡು ಪಂಗಡ: ಲಿಂಗಾಂಬುಧಿ ಕೆರೆಯತ್ತ ಬಿರುಸಾಗಿ ಹೆಜ್ಜೆ ಹಾಕುವವರು, ಚಾಪೆ ಸುತ್ತಿಕೊಂಡು ಯೋಗಕ್ಕೆ ಹೊರಟವರು. ಎರಡೂ ಒಳ್ಳೆಯದೇ. ಆದರೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರ ಲೆಕ್ಕವೇ ಬೇರೆ.

ಕಣ್ಣೊಳಗಿನ ದ್ರವ ಸರಾಗವಾಗಿ ಹೊರಹೋಗದಿದ್ದರೆ ಒತ್ತಡ ಏರುತ್ತದೆ, ದೃಷ್ಟಿನರ ಸದ್ದಿಲ್ಲದೆ ಸವೆಯುತ್ತದೆ. ಸಾಮಾನ್ಯ ಮಟ್ಟ ಪಾದರಸದ 10ರಿಂದ 21 ಮಿಲಿಮೀಟರ್. 1991ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಗ್ಲಾಕೋಮಾ ಶಂಕೆಯಿದ್ದ, ವ್ಯಾಯಾಮದ ರೂಢಿಯೇ ಇಲ್ಲದವರು ಮೂರು ತಿಂಗಳು ಸೈಕಲ್ ತುಳಿದರು. ಒತ್ತಡ ಶೇ 20ರಷ್ಟು ಇಳಿಯಿತು. ತುಳಿಯುವುದನ್ನು ನಿಲ್ಲಿಸಿದ ಮೂರೇ ವಾರಕ್ಕೆ ಮತ್ತೆ ಮೊದಲಿನಂತೆ! ಭಾಗವಹಿಸಿದವರು ಬೆರಳೆಣಿಕೆಯಷ್ಟು ಮಂದಿ ಎಂಬುದನ್ನೂ ಹೇಳಲೇಬೇಕು.

ಶೀರ್ಷಾಸನದ ಕಥೆ ಉಲ್ಟಾ.

ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲೇ ಯೋಗಗುರು ಕೃಷ್ಣಮಾಚಾರ್ಯರು ಪಾಠ ಹೇಳಿದ ಊರಿದು. ಇಲ್ಲಿ ಆಸನದ ವಿರುದ್ಧ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಆದರೆ ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 75 ಯೋಗಾಭ್ಯಾಸಿಗಳ ಕಣ್ಣು ಅಳೆದು 2006ರಲ್ಲಿ ವರದಿ ಮಾಡಿದ್ದು ಇದು: ತಲೆಕೆಳಗಾದಾಗ ಒತ್ತಡ ಸರಿಸುಮಾರು ಇಮ್ಮಡಿ. ಅಧೋಮುಖ ಶ್ವಾನಾಸನದಲ್ಲೂ ಏರಿಕೆ ಕಂಡಿದೆ. ಹಾಗಾಗಿ ಗ್ಲಾಕೋಮಾ ಇದ್ದವರು ಯೋಗದ ಗುರುಗಳಿಗೆ ಮೊದಲೇ ಹೇಳಿಬಿಡುವುದು ಒಳಿತು.

ವಾಕಿಂಗ್ ಮಾಡುತ್ತೇನೆಂದು ಕಣ್ಣಿನ ಹನಿ ಬಿಡುವಂತಿಲ್ಲ; ನಡಿಗೆ ಹನಿಗೆ ಜೊತೆಯಷ್ಟೇ, ಬದಲಿಯಲ್ಲ. ಟಿಮೊಲಾಲ್ ಎಂಬ ಹನಿ ಹಾಕುವವರಿಗೆ ಏರುದಾರಿಯಲ್ಲಿ ಬೇಗ ಸುಸ್ತಾದರೆ ವೈದ್ಯರಿಗೆ ತಿಳಿಸಬೇಕು: ಆ ಹನಿ ರಕ್ತಕ್ಕೂ ಸೇರಿ ಎದೆಬಡಿತ ನಿಧಾನಿಸಬಲ್ಲದು.